ವಿಠಲ ಮಾಸ್ಟ್ರ ರಕ್ತನಾಳ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಕಾಗದ. ಕಾಪು ಪೇಟೆಯಿಂದ ಸ್ವಲ್ಪ ಒಳಗಿದ್ದ ಆ ಹೈಸ್ಕೂಲಿನ ನೋಟೀಸ್ ಬೋರ್ಡಿಗೆ ಶುಕ್ರವಾರ ಬೆಳಿಗ್ಗೆ ಅದನ್ನು ಅಂಟಿಸಿದವರು ಹೆಡ್ಮಾಸ್ಟ್ರು ಯಜ್ಞನಾರಾಯಣ ರಾಯರು. ಓದಿದವರು ಎಲ್ಲರೂ. ಎಲ್ಲರಿಗಿಂತ ಕೊನೆಗೆ ಓದಿದವರು, ಯಾರ ಹೆಸರು ಅದರಲ್ಲಿತ್ತೋ ಅವರು.

‘ಮಣಿಪಾಲದಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿರುವ ಡಾ. ಸುಭಾಷಿಣಿಯವರು, ವಯಸ್ಸಾದವರ ರಕ್ತನಾಳಗಳ ಮೇಲೆ ವ್ಯಾಯಾಮದ ಪರಿಣಾಮವೇನೆಂದು ಅಭ್ಯಾಸ ಮಾಡುತ್ತಿದ್ದು, ಐವತ್ತೈದು ದಾಟಿದ ಇಬ್ಬರನ್ನು ಕಳಿಸಲು ಕೋರಿರುತ್ತಾರೆ. ಜೀವಮಾನವಿಡೀ ವ್ಯಾಯಾಮ ಮಾಡಿದವರು: ಶ್ರೀ ವಿಠಲ, ದೈಹಿಕ ಶಿಕ್ಷಕರು. ಜೀವಮಾನವಿಡೀ ಕುಳಿತೇ ಇದ್ದವರು: ಶ್ರೀ ಸುಂದರ, ಜವಾನ. ಇಬ್ಬರೂ ಇಂದು ಮಧ್ಯಾಹ್ನ ಮೂರಕ್ಕೆ ಅಲ್ಲಿ ಹಾಜರಿರತಕ್ಕದ್ದು.’

ವಿಠಲ ಮಾಸ್ಟ್ರು ಎರಡು ಸಲ ಓದಿದರು. ಮೊದಲ ಸಲ ಕಿವಿ ಕೆಂಪಾಯಿತು. ಎರಡನೆಯ ಸಲ ಮೂಗು.

ಸಿಟ್ಟು ಅವರಿಗೆ ಬರುವ ವಸ್ತುವಲ್ಲ, ಇರುವ ವಸ್ತು. ಬರುವ ಸಿಟ್ಟಾದರೆ ನೆಂಟರ ಹಾಗೆ ಎಂದಾದರೂ ಹೊರಟು ಹೋಗುತ್ತದೆ. ಇವರದ್ದು ಒಕ್ಕಲು ಕೂತ ಸಿಟ್ಟು. ಐವತ್ತೇಳು ವರ್ಷದ ಆ ಮನುಷ್ಯ ಮೂವತ್ತೊಂದು ವರ್ಷಗಳಿಂದ ಅದೇ ಶಾಲೆಯಲ್ಲಿ ಆಟದ ಮಾಸ್ಟ್ರು. ಅಷ್ಟು ಕಾಲದಲ್ಲಿ ಅವರು ಓಡಿಸಿದ ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿದರೆ ಸಾಲು ಕಾರ್ಕಳದ ಗೊಮ್ಮಟನ ಪಾದ ಮುಟ್ಟುತ್ತಿತ್ತು. ಆದರೆ ಅವರೇ ಓಡಿದ ದೂರ ಅಳೆಯಬೇಕೆಂದರೆ ಮಕ್ಕಳ ಅಡಿಕೋಲು ಸಾಕಾಗುತ್ತಿತ್ತು. ಮೈದಾನದ ಮೂಲೆಯಲ್ಲಿ ಒಂದು ಧೂಪದ ಮರ. ಮರದಡಿ ಒಂದು ಕುರ್ಚಿ. ಕುರ್ಚಿಯ ಮೇಲೆ ಮಾಸ್ಟ್ರು. ಮಾಸ್ಟ್ರ ಬಾಯಲ್ಲಿ ವಿಸಿಲು. ಅವರ ದೇಹದಲ್ಲಿ ನಿಜವಾಗಿ ವ್ಯಾಯಾಮ ಪಡೆದ ಅಂಗವೆಂದರೆ ಎರಡು ಕೆನ್ನೆ ಮಾತ್ರ.

ಪಾಂಗಾಳದ ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಅದನ್ನಾದರೂ ನಡೆದಿದ್ದಾರೆಯೇ? ಅದೂ ಇಲ್ಲ. ಆ ರೂಟಿನ ಎಲ್ಲ ಕಂಡಕ್ಟರುಗಳೊಡನೆ ಒಬ್ಬೊಬ್ಬರಾಗಿ ಜಗಳ ಮಾಡಿ ಮುಗಿಸಿ, ಇನ್ನು ಬಸ್ಸಿನ ಮೆಟ್ಟಿಲು ಮುಟ್ಟುವುದಿಲ್ಲ ಎಂದು ಅವರು ಆಣೆ ಹಾಕಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ. ಅಂದಿನಿಂದ ಪಕ್ಕದ ಮನೆಯ ಸುಂದರನ ಸೈಕಲ್ಲಿನ ಕ್ಯಾರಿಯರೇ ಅವರ ವಾಹನ. ಶಾಲೆಯ ಗೇಟಿಗೆ ಹತ್ತು ಹೆಜ್ಜೆ ಇರುವಾಗ ಮಾತ್ರ, ಹೆಡ್ಮಾಸ್ಟ್ರಿಗೆ ಕಾಣದ ಹಾಗೆ ಇಳಿಯುತ್ತಿದ್ದರು. ಸುಂದರ ಶಾಲೆಯ ಜವಾನ. ಮಾಸ್ಟ್ರಿಗಿಂತ ಮೂರೇ ತಿಂಗಳು ಚಿಕ್ಕವ. ಎದುರು ಗಾಳಿಗೂ ಮಳೆಗೂ ಅವನು ತುಳಿಯುತ್ತಿದ್ದ. ಮಾಸ್ಟ್ರು ಹಿಂದೆ ಕೊಡೆ ಹಿಡಿದು ಕೂತು, “ಇನ್ನೂ ಸ್ವಲ್ಪ ಜೋರು ತುಳಿ ಮಾರಾಯ, ಬೆಲ್ಲಾಗ್ತದೆ” ಎನ್ನುತ್ತಿದ್ದರು. ಬೆಲ್ ಹೊಡೆಯಬೇಕಾದವನೂ ಸುಂದರನೇ ಎಂಬುದು ಆ ಗಡಿಬಿಡಿಯಲ್ಲಿ ಅವರಿಗೆ ನೆನಪಾಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಮಾಸ್ಟ್ರ ಅಣ್ಣ ಅಂಗಳದಲ್ಲಿ ಕುಸಿದು ಬಿದ್ದರು; ಅವರ ಬಲಗೈ, ಬಲಗಾಲು ಎರಡೂ ಸೋತು ಹೋದವು. ಉಡುಪಿಯ ಡಾಕ್ಟರು, “ರಕ್ತನಾಳ ಗಟ್ಟಿಯಾಗಿತ್ತು, ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದರೂ ಉಂಟೋ?” ಎಂದು ಕೇಳಿದ್ದರು. ಅಂದಿನಿಂದ ಮಾಸ್ಟ್ರು ಬೆಳಿಗ್ಗೆ ಎದ್ದ ಕೂಡಲೇ ಬಲಗೈ ಮಡಚಿ, ಬಿಡಿಸಿ, ಇದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಆ ಕೈಯಿಂದಲೇ ಮೇಜು ಗುದ್ದಿ ಹೆಂಡತಿ ಕುಶಲಾಳನ್ನು ಕಾಫಿಗೆ ಕೂಗುತ್ತಿದ್ದರು. ಇದರ ಹೆಸರು ಹೆದರಿಕೆ ಎಂದು ಯಾರಾದರೂ ಹೇಳಿದ್ದರೆ ಹೇಳಿದವನ ಹಲ್ಲುದುರುತ್ತಿತ್ತು.

ಮಾಸ್ಟ್ರು ಹೆಡ್ಮಾಸ್ಟ್ರ ಕೋಣೆಗೆ ನುಗ್ಗಿದರು.

“ಇದೆಂತ ಸರ್? ನನ್ನ ರಕ್ತನಾಳ ನೋಡ್ಲಿಕ್ಕೆ ಕೊಡುವ ಮೊದಲು ನನ್ನನ್ನೊಂದು ಮಾತು ಕೇಳ್ಲಿಕ್ಕೆ ಇಲ್ವಾ?”

ಯಜ್ಞನಾರಾಯಣ ರಾಯರು ಬೆಣ್ಣೆಯಂಥ ಮನುಷ್ಯ. ಸಿಟ್ಟನ್ನು ಅವರ ಮೇಲೆ ಎಸೆದರೆ ಜಾರಿ ಎಸೆದವನ ಕಾಲಬುಡಕ್ಕೇ ಬೀಳುತ್ತಿತ್ತು. ಮೂಗಿಗೆ ನಶ್ಯ ಏರಿಸಿ ಅವರು ನಿಧಾನವಾಗಿ ಹೇಳಿದರು: “ಕೇಳುವುದು ಎಂತಕ್ಕೆ ಮಾಸ್ಟ್ರೆ? ಶಾಲೆಯಲ್ಲಿ ವ್ಯಾಯಾಮ ಮಾಡಿದವರು ಅಂತ ಇರುವುದು ನೀವೊಬ್ಬರೇ ಅಲ್ವಾ?”

“ಅದು ಸರಿ, ಆದರೆ…”

“ಅಥವಾ ನೀವು ಮಾಡ್ಲಿಲ್ವಾ?”

ರಾಯರು ಮುಗ್ಧವಾಗಿಯೇ ಕೇಳಿದ್ದು. ಆದರೆ ಮಾಸ್ಟ್ರಿಗೆ ಆ ಪ್ರಶ್ನೆಯ ಎರಡೂ ತುದಿಯಲ್ಲಿ ಮುಳ್ಳು ಕಂಡಿತು. ಮಾಡಲಿಲ್ಲ ಎಂದರೆ ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡದ್ದು ಯಾವ ಲೆಕ್ಕದಲ್ಲಿ ಎಂಬ ಪ್ರಶ್ನೆ ಹಿಂದಿನಿಂದಲೇ ಬರುತ್ತದೆ. ಮಾಡಿದ್ದೇನೆ ಎಂದರೆ ಮಧ್ಯಾಹ್ನ ಮೂರಕ್ಕೆ ಯಂತ್ರವೊಂದು ಬೇರೆಯದೇ ಹೇಳುತ್ತದೆ.

“ಮಾಡದೆ ಮತ್ತೆ!” ಎಂದು ಅವರು ಗರ್ಜಿಸಿ, ಬಾಗಿಲನ್ನು ಗೋಡೆಗೆ ಅಪ್ಪಳಿಸಿ ಹೊರಟರು.

ಸ್ಟಾಫ್ ರೂಮಿನಲ್ಲಿ ಲೂಯಿಸ್ ಮಾಸ್ಟ್ರೂ ಸೆಲೀನ್ ಟೀಚರೂ ಕಾದೇ ಕೂತಿದ್ದರು. ಲೂಯಿಸ್ ಮಾಸ್ಟ್ರು ಗಣಿತ. ಸೆಲೀನ್ ಟೀಚರ್ ಜೀವಶಾಸ್ತ್ರ. ಕಂಡವರ ಕಷ್ಟಕ್ಕೆ ಒಬ್ಬರು ಲೆಕ್ಕ ಹಾಕುತ್ತಿದ್ದರು, ಮತ್ತೊಬ್ಬರು ಚಿತ್ರ ಬರೆಯುತ್ತಿದ್ದರು.

“ನೋಡಿ ವಿಠಲ ಮಾಸ್ಟ್ರೆ,” ಎಂದು ಸೆಲೀನ್ ಟೀಚರ್ ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ ಎರಡು ಕೊಳವೆ ಬರೆದರು. “ರಕ್ತನಾಳ ಅಂದ್ರೆ ಸೈಕಲ್ ಟ್ಯೂಬಿನ ಹಾಗೆ. ಪ್ರಾಯ ಆದ ಹಾಗೆ ಎಲ್ಲರದ್ದೂ ಬಿಗಿಯಾಗ್ತದೆ. ಆದ್ರೆ ಮೈ ದಂಡಿಸುವವರದ್ದು ಬೇಗ ಬಿಗಿಯಾಗುದಿಲ್ಲ. ರಕ್ತ ರಭಸದಲ್ಲಿ ಹರಿದು ಹರಿದು ಟ್ಯೂಬು ಮೆತ್ತಗೇ ಇರ್ತದೆ. ಕೂತೇ ಇದ್ದವರದ್ದು ಉಂಟಲ್ಲ, ಬಿಸಿಲಿಗೆ ಬಿದ್ದ ಹಳೇ ಟ್ಯೂಬು. ಯಾವಾಗ ಬಿರುಕು ಬಿಡ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ.”

ಮಾಸ್ಟ್ರು ಅರಿವಿಲ್ಲದೆಯೇ ಬಲಗೈ ಮಡಚಿ ಬಿಡಿಸಿದರು. “ಈಗ ಶುರು ಮಾಡಿದ್ರೆ?” ಎಂಬ ಮಾತು ಬಾಯಿಂದ ಜಾರಿತು. ಕೂಡಲೇ ಸೇರಿಸಿದರು, “ನನಗಲ್ಲ. ನನ್ನ ಅಣ್ಣನಿಗೆ ಕೇಳಿದ್ದು.”

“ಯಾವ ಪ್ರಾಯದಲ್ಲಿ ಶುರು ಮಾಡಿದ್ರೂ ಪ್ರಯೋಜನ ಉಂಟು. ಆದ್ರೆ ತಿಂಗಳುಗಟ್ಟಲೆ ಬೇಕು.”

ಲೂಯಿಸ್ ಮಾಸ್ಟ್ರು ಪೆನ್ಸಿಲು ತೆಗೆದಾಗಿತ್ತು. “ವರ್ಷಕ್ಕೆ ಇನ್ನೂರು ದಿವಸ, ದಿವಸಕ್ಕೆ ಅರ್ಧ ಗಂಟೆ, ಮೂವತ್ತೊಂದು ವರ್ಷ. ಮೂರು ಸಾವಿರದ ನೂರು ಗಂಟೆ ಬಾಕಿ ಉಂಟು. ನಿಮ್ಮ ಅಣ್ಣನಿಗೆ. ಬಸ್ಸಿಗೆ ಇನ್ನು ಮೂರು ಗಂಟೆ. ಕಷ್ಟ ಉಂಟು ಮಾರಾಯ್ರೆ.”

“ಲೂಯಿಸ್!”

“ಸಿಟ್ಟು ಮಾಡ್ಬೇಡಿ. ಸಿಟ್ಟು ಬಂದ್ರೆ ನಾಳ ಮತ್ತೂ ಬಿಗಿಯಾಗ್ತದಂತೆ. ಅಲ್ವಾ ಟೀಚರ್?”

ವಿಠಲ ಮಾಸ್ಟ್ರ ತಲೆಯಲ್ಲಿ ಏನೋ ಫಟ್ಟೆಂದಿತು. ಮೂವತ್ತೊಂದು ವರ್ಷ ಕಂಡವರ ಮಕ್ಕಳನ್ನು ಓಡಿಸಿದವನಿಗೆ ನಾಲ್ಕು ಸುತ್ತು ಓಡಲಾಗುವುದಿಲ್ಲವೇ? ಪಂಚೆ ಎತ್ತಿ ಕಟ್ಟಿದರು. ಚಪ್ಪಲಿ ಬಿಟ್ಟರು. ಮೈದಾನಕ್ಕೆ ಇಳಿದರು. ಅಭ್ಯಾಸಬಲದಿಂದ ವಿಸಿಲು ಊದಿ, ತಾವೇ ಹೊರಟರು.

ಮೊದಲ ಐವತ್ತು ಗಜ ಸಿಟ್ಟೇ ಅವರನ್ನು ಎಳೆದುಕೊಂಡು ಹೋಯಿತು. ಆಮೇಲೆ ಸಿಟ್ಟು ಮುಂದೆ, ಅವರು ಹಿಂದೆ. ಒಂಬತ್ತನೆಯ ತರಗತಿಯ ಕಿಟಕಿಯಲ್ಲಿ ಮೊದಲು ನಾಲ್ಕು ತಲೆ ಕಂಡವು, ಆಮೇಲೆ ನಲವತ್ತು.

“ಅಯ್ಯೋ ಟೀಚರ್! ವಿಠಲ ಮಾಸ್ಟ್ರನ್ನು ಎಂತದೋ ಅಟ್ಟಿಸಿಕೊಂಡು ಬರ್ತಾ ಉಂಟು!”

ಪಾಠದ ಹೊತ್ತಿನಲ್ಲಿ ಮಾಸ್ಟ್ರು ಒಬ್ಬರೇ ಹೀಗೆ ಓಡುತ್ತಿದ್ದಾರೆಂದರೆ ಸುಮ್ಮನೆ ಇರಲಾರದು ಎಂದು ಯಜ್ಞನಾರಾಯಣ ರಾಯರಿಗೂ ಅನಿಸಿತು. ಒಂದೋ ಕಣಜದ ಹುಳ ಎದ್ದಿರಬೇಕು, ಇಲ್ಲವೇ ಎಲ್ಲೋ ಬೆಂಕಿ. ಅವರು ಸುಂದರನಿಗೆ ಉದ್ದ ಬೆಲ್ ಹೊಡೆಯಲು ಹೇಳಿದರು. ಬೆಲ್ ಕೇಳಿ ಶಾಲೆಗೆ ಶಾಲೆಯೇ ಮೈದಾನಕ್ಕೆ ಚೆಲ್ಲಿತು. ಅಲ್ಲಿ ನಿಂತು ಏನು ಮಾಡುವುದೆಂದು ಮಕ್ಕಳಿಗೆ ತಿಳಿಯಲಿಲ್ಲ. ವಿಸಿಲು ಕೇಳಿದರೆ ಮಾಡಬೇಕಾದದ್ದು ಒಂದೇ ಎಂದು ಕಲಿಸಿದವರು ಎದುರಿಗೇ ಊದುತ್ತ ಹೋಗುತ್ತಿದ್ದರು. ನಾನೂರು ಮಕ್ಕಳು ಅವರ ಹಿಂದೆ ಓಡಿದರು.

ಧಡಧಡ ಸದ್ದಿಗೆ ಮಾಸ್ಟ್ರು ತಿರುಗಿ ನೋಡಿದರು. ನಾನೂರು ಮಕ್ಕಳು ಕಡಲಿನ ತೆರೆಯ ಹಾಗೆ ಮೈಮೇಲೆ ಬರುತ್ತಿದ್ದರು. ಇಷ್ಟು ವರ್ಷದ ಸೇಡು ಇವತ್ತೇ ತೀರಿಸುತ್ತಾರೆ ಎಂದೇ ಅವರಿಗೆ ಅನಿಸಿದ್ದು. ಇನ್ನೂ ಜೋರು ಓಡಿದರು. ಓಡಿದವರು ನೇರ ಹೋಗಿ ವಾಲಿಬಾಲ್ ನೆಟ್ಟಿನೊಳಗೆ ಸಿಕ್ಕಿ, ಕೈರಂಪಣಿ ಬಲೆಗೆ ಬಿದ್ದ ದೊಡ್ಡ ಮೀನಿನ ಹಾಗೆ ಮೂರು ಸಲ ಹೊರಳಿ ನಿಂತರು.

ಬಲೆ ಬಿಡಿಸಿದವನು ಸುಂದರ. “ಎಂತಕ್ಕೆ ಓಡಿದ್ದು ಮಾಸ್ಟ್ರೆ?” ಎಂದು ಅವನು ನಿಜವಾದ ಮರುಕದಿಂದ ಕೇಳಿದ. “ನನಗೆ ಹೇಳಿದ್ರೆ ನಾನೇ ಓಡ್ತಿದ್ದೆನಲ್ಲ.”

ಬಸ್ಸಿನ ಹೊತ್ತಿನವರೆಗೆ ಶಾಲೆಯೇ ಅವರ ಆರೈಕೆಗೆ ನಿಂತಿತು. ಸೆಲೀನ್ ಟೀಚರ್ ಹತ್ತೆಸಳು ಹಸಿ ಬೆಳ್ಳುಳ್ಳಿ ಜಗಿಸಿದರು, ನಾಳಕ್ಕೆ ಒಳ್ಳೆಯದಂತೆ. ಲೂಯಿಸ್ ಮಾಸ್ಟ್ರು ಪುನರ್ಪುಳಿ ನೀರು ಕುಡಿಸಿದರು, ಅದು ಸಿಟ್ಟಿಗಂತೆ. ಬಂದವರೆಲ್ಲ ಹೋಗುವಾಗ ಒಂದೇ ಮಾತು ಹೇಳಿ ಹೋದರು: “ಸಿಟ್ಟು ಮಾತ್ರ ಮಾಡ್ಬೇಡಿ ಮಾಸ್ಟ್ರೆ.” ಹನ್ನೊಂದನೆಯ ಸಲ ಅದು ಕೇಳಿದಾಗ ಮಾಸ್ಟ್ರು ಪುನರ್ಪುಳಿಯ ಲೋಟವನ್ನು ಗೋಡೆಗೆ ಎಸೆದರು. ಲೋಟ ಸ್ಟೀಲಿನದ್ದು; ಅದಕ್ಕೆ ಏನೂ ಆಗಲಿಲ್ಲ. ಅದು ಅವರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಶಾಲೆಯ ಮರ್ಯಾದೆಯ ಪ್ರಶ್ನೆಯೆಂದು ಹೆಡ್ಮಾಸ್ಟ್ರೂ ಜೊತೆಗೆ ಹೊರಟರು. ಸೈಕಲ್ಲಿನಲ್ಲಿ ಮಣಿಪಾಲ ಆಗುವ ಮಾತಲ್ಲ. ಮೂವತ್ತು ವರ್ಷಗಳ ಆಣೆ ಮುರಿದು ಮಾಸ್ಟ್ರು ಬಸ್ಸಿನ ಮೆಟ್ಟಿಲೇರಿದರು. ಒಂದೇ ಒಂದು ಸೀಟು ಖಾಲಿ ಇತ್ತು. ಕುಳಿತುಕೊಳ್ಳಲು ಬಗ್ಗಿದರೋ ಇಲ್ಲವೋ, ಹಿಂದಿನಿಂದ ಸ್ವರ ಬಂತು.

“ಆ ಸೀಟು ಹೆಡ್ಮಾಸ್ಟ್ರಿಗೆ ಬಿಡಿ. ಪೀಟಿ ಮಾಸ್ಟ್ರು ಗಟ್ಟಿ ಜನ, ನಿಲ್ತಾರೆ.”

ಕಂಡಕ್ಟರಿಗೆ ಮೂವತ್ತರ ಹತ್ತಿರ ಪ್ರಾಯ. ಮುಖದಲ್ಲಿ ಬಹಳ ದಿನದಿಂದ ಕಾದವನ ತೃಪ್ತಿ. “ಗುರ್ತ ಸಿಗ್ಲಿಲ್ವಾ ಮಾಸ್ಟ್ರೆ? ಎಪ್ಪತ್ತೊಂದರಲ್ಲಿ ಎಂಟನೇ ಕ್ಲಾಸು. ಅಂಗಿಯ ಒಂದು ಗುಬ್ಬಿ ಉದುರಿ ಕಾಜ ಮಾತ್ರ ಉಂಟು ಅಂತ ಇಪ್ಪತ್ತು ಸುತ್ತು ಓಡಿಸಿದ್ದೀರಿ. ನಾಲ್ಕು ದಿವಸ ಜ್ವರ.”

“ಅದಕ್ಕೆ ಈಗ ಎಂತ ಮಾಡಬೇಕು ನಾನು?”

“ಎಂತದೂ ಬೇಡ. ಸ್ವಲ್ಪ ಒಳಗೆ ಹೋಗಿ. ಇನ್ನೂ ಒಳಗೆ. ಕೈ ಮೇಲೆ ಮಾಡಿ ಕಂಬಿ ಹಿಡೀರಿ. ಹಾಂ, ಹಾಗೆ. ವ್ಯಾಯಾಮ ಆಗ್ತದೆ.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಬೆಳ್ಳುಳ್ಳಿಯ ವಾಸನೆಗೆ ಇಬ್ಬರು ಹೆಂಗಸರು ಮೂಗು ಮುಚ್ಚಿಕೊಂಡರು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಮಾಸ್ಟ್ರ ಚಪ್ಪಲಿಯ ಬಾರು ಕಿತ್ತಿತು. ಮಣಿಪಾಲದಲ್ಲಿ ಇಳಿದರೆ ಕ್ಲಿನಿಕ್ಕು ಏರಿನ ತುದಿಯಲ್ಲಿ. ಯಜ್ಞನಾರಾಯಣ ರಾಯರು ಕೊಡೆ ಊರಿಕೊಂಡು ಹತ್ತಿದರು. ಸುಂದರ ತುಳು ಪದ ಗುನುಗುತ್ತ ಹತ್ತಿದ. ಬರಿಗಾಲಿನ ವಿಠಲ ಮಾಸ್ಟ್ರು ಆ ಏರನ್ನು, ಅಲ್ಲಿ ಕ್ಲಿನಿಕ್ ಮಾಡಿದವರನ್ನು, ಮಣಿಪಾಲವನ್ನು ಗುಡ್ಡದ ಮೇಲೆ ಕಟ್ಟಿದವರನ್ನು ಬಯ್ಯುತ್ತ ಹತ್ತಿದರು.

ಕ್ಲಿನಿಕ್ಕಿನಲ್ಲಿ ಎರಡು ಬೆಂಚು. ಒಂದರ ಮೇಲೆ ‘ವ್ಯಾಯಾಮ’ ಎಂದು ಬರೆದ ರಟ್ಟು. ಇನ್ನೊಂದರ ಮೇಲೆ ‘ವಿಶ್ರಾಂತಿ’. ವಿಶ್ರಾಂತಿಯ ಬೆಂಚಿನಲ್ಲಿ ಇಬ್ಬರು ನಿವೃತ್ತ ಗುಮಾಸ್ತರು ಪತ್ರಿಕೆ ಓದುತ್ತಿದ್ದರು. ಸುಂದರ ಅವರ ಪಕ್ಕ ಕೈಕಟ್ಟಿ ಕೂತ. ವ್ಯಾಯಾಮದ ಬೆಂಚಿನಲ್ಲಿ ಹೂಡೆಯಿಂದ ಬಂದ, ಬಲೆ ಎಳೆದು ಎಳೆದು ಹುರಿಗಟ್ಟಿದ್ದ ಒಬ್ಬ ಮೀನುಗಾರ. ಕಾರ್ಕಳದಿಂದ ಬಂದ ಒಬ್ಬ ಕಲ್ಲುಕುಟಿಗ. ಇಬ್ಬರೂ ಮಾಸ್ಟ್ರಿಗೆ ಎದ್ದು ಜಾಗ ಕೊಟ್ಟರು.

“ನಿಮ್ಮದು ಪುಣ್ಯ ಮಾಸ್ಟ್ರೆ,” ಎಂದ ಮೀನುಗಾರ. “ನಮಗೆ ಹೊಟ್ಟೆಗಾಗಿ ಮೈ ದಂಡಿಸುವುದು. ನಿಮಗೆ ಮೈ ದಂಡಿಸುವುದೇ ಕೆಲಸ.”

ಮಾಸ್ಟ್ರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಉಸಿರು ಇನ್ನೂ ಏರಿನ ಅರ್ಧದಲ್ಲೇ ಇತ್ತು.

ಡಾ. ಸುಭಾಷಿಣಿ ಮುಂಬೈಯಲ್ಲಿ ಓದಿ ಬಂದವರು, ಪ್ರಾಯ ಮೂವತ್ತೆರಡು, ಮಾತು ಚುಟುಕು. ಮೊದಲು ಮರದ ಪೆಟ್ಟಿಗೆಯೊಂದರ ಮೇಲೆ ಮೂರು ನಿಮಿಷ ಹತ್ತಿ ಇಳಿಯಬೇಕು. ಆಮೇಲೆ ಮಲಗಿ ಸುಧಾರಿಸಿಕೊಳ್ಳಬೇಕು. ಆಮೇಲೆ ಕುತ್ತಿಗೆಗೊಂದು, ತೊಡೆಗೊಂದು ತಂತಿ ಕಟ್ಟಿ, ನಾಡಿಯ ಅಲೆ ಅಲ್ಲಿಂದ ಇಲ್ಲಿಗೆ ಎಷ್ಟು ವೇಗದಲ್ಲಿ ಬರುತ್ತದೆಂದು ಯಂತ್ರ ಕಾಗದದ ಮೇಲೆ ಗೀಚುತ್ತದೆ.

ಪೆಟ್ಟಿಗೆಯ ಮೇಲೆ ವಿಠಲ ಮಾಸ್ಟ್ರು ಎರಡು ನಿಮಿಷ ಹತ್ತಿ ಇಳಿದರು. ಮೂರನೆಯ ನಿಮಿಷವನ್ನು ನರ್ಸ್ ಝೀಟಾಳ ಹೆಗಲ ಮೇಲೆ ಕಳೆದರು. ಸುಂದರ ಮೂರು ನಿಮಿಷ ಮುಗಿಸಿ, “ಇಷ್ಟೇಯಾ ಸಿಸ್ಟರ್?” ಎಂದು ಕೇಳಿದ.

ತಂತಿ ಕಟ್ಟಿಸಿಕೊಂಡು ಮಲಗಿದ್ದ ಮಾಸ್ಟ್ರಿಗೆ, ಆಗಷ್ಟೇ ಒಳಬಂದ ಡಾಕ್ಟರು ಝೀಟಾ ಬರೆದಿಟ್ಟ ಕಾರ್ಡಿನಿಂದ ಓದಿದ ಅಂಕೆ ಕಿವಿಗೆ ಬಿತ್ತು. “ಸೆಕೆಂಡಿಗೆ ಹದಿಮೂರು ಮೀಟರ್.”

ಅವರ ಮುಖ ದಿನದಲ್ಲಿ ಮೊದಲ ಬಾರಿ ಅರಳಿತು. ಹದಿಮೂರು! ಜಿಲ್ಲೆಯ ನೂರು ಮೀಟರ್ ಓಟಗಾರನೂ ಸೆಕೆಂಡಿಗೆ ಒಂಬತ್ತು ದಾಟಿದವನಲ್ಲ. “ಸುಂದರನದ್ದು ಎಷ್ಟು?” ಎಂದು ಎದ್ದೇ ಕೇಳಿದರು.

“ಏಳು,” ಎಂದಳು ಝೀಟಾ.

“ಏಳು!” ಮಾಸ್ಟ್ರು ಹೆಡ್ಮಾಸ್ಟ್ರ ಕಡೆ ತಿರುಗಿದರು. “ನೋಡಿದ್ರಾ ಸರ್? ಹದಿಮೂರು, ಏಳು. ಅರ್ಧಕ್ಕೆ ಸ್ವಲ್ಪ ಹೆಚ್ಚು.”

ಡಾ. ಸುಭಾಷಿಣಿ ಮಾತ್ರ ಮುಖ ಗಂಟಿಕ್ಕಿದ್ದರು. “ಇದು ಓಟದ ಪಂದ್ಯ ಅಲ್ಲ. ಮೆತ್ತಗಿನ ನಾಳದಲ್ಲಿ ಅಲೆ ನಿಧಾನ ಹೋಗ್ತದೆ. ಗಟ್ಟಿ ನಾಳದಲ್ಲಿ ಬೇಗ ಓಡ್ತದೆ. ಏಳು ಅಂದ್ರೆ ಮೂವತ್ತೈದು ವರ್ಷದವರ ನಾಳ. ಹದಿಮೂರು ಅಂದ್ರೆ ಎಪ್ಪತ್ತು ದಾಟಿದವರದ್ದು. ರಕ್ತದ ಒತ್ತಡವೂ ಇನ್ನೂರರ ಹತ್ತಿರ ಉಂಟು. ಯಾವ ಗಳಿಗೆಯಲ್ಲಿ ಬೇಕಾದರೂ ಪಕ್ಷವಾತ ಹೊಡೆಯಬಹುದು.”

ಮಾಸ್ಟ್ರ ಬಲಗೈ ತಾನಾಗಿಯೇ ಮಡಚಿಕೊಂಡಿತು, ಬಿಡಿಸಿಕೊಂಡಿತು. ಹೆಡ್ಮಾಸ್ಟ್ರ ನಶ್ಯದ ಡಬ್ಬಿ ಅರ್ಧ ತೆರೆದೇ ಉಳಿಯಿತು.

ಡಾಕ್ಟರು ಎರಡು ಕಾರ್ಡನ್ನೂ ಮತ್ತೆ ಮತ್ತೆ ನೋಡಿದರು. “ವ್ಯಾಯಾಮ: ಹದಿಮೂರು. ವಿಶ್ರಾಂತಿ: ಏಳು. ಇದು ಹೇಗೆ ಸಾಧ್ಯ? ಸಿಸ್ಟರ್! ಕಾರ್ಡು ಅದಲು ಬದಲು ಮಾಡಿದ್ದೀರಾ?”

“ಇಲ್ಲ ಡಾಕ್ಟರ್! ನಾನೇ ಬರೆದದ್ದು.”

“ನಲವತ್ತು ಜನರನ್ನು ನೋಡಿದ್ದೇನೆ. ಒಬ್ಬರದ್ದೂ ಹೀಗೆ ತಲೆಕೆಳಗಾಗಿಲ್ಲ. ಬೆಳಿಗ್ಗೆಯಿಂದ ನಿಮ್ಮ ಗಮನ ಎಲ್ಲಿ ಉಂಟು?” ಡಾಕ್ಟರಿಗೂ ಸಿಟ್ಟು ಬಂದಿತ್ತು. “ಇನ್ನೊಮ್ಮೆ ಇಬ್ಬರನ್ನೂ ಮಲಗಿಸಿ.”

ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಉಸಿರುಬಿಟ್ಟು ಸುಮ್ಮನಾಯಿತು. ಹೋದ ಕರೆಂಟು ಸಂಜೆಯವರೆಗೆ ಬರುವುದಿಲ್ಲ ಎಂದು ಹೊರಗೆ ಯಾರೋ ಹೇಳಿದರು. ಡಾ. ಸುಭಾಷಿಣಿ ಪೆನ್ನು ತೆಗೆದು, ಒಂದು ಕಾರ್ಡಿನ ಹೆಸರು ಹೊಡೆದು ಸುಂದರ ಎಂದು ಬರೆದರು. ಇನ್ನೊಂದರ ಹೆಸರು ಹೊಡೆದು ವಿಠಲ ಎಂದು ಬರೆದರು.

“ನಿಮ್ಮದು ಬಹಳ ಚೆನ್ನಾಗಿದೆ ಮಾಸ್ಟ್ರೆ. ಮೂವತ್ತೈದರ ನಾಳ. ಹೀಗೇ ಮುಂದುವರಿಸಿ.” ಆಮೇಲೆ ಸುಂದರನ ಕಡೆ ತಿರುಗಿ ಸ್ವರ ತಗ್ಗಿಸಿದರು. “ನೀವು ಹೆದರಬೇಡಿ. ಮೂರು ತಿಂಗಳು ಪೂರ್ತಿ ರಜೆ. ಮಾತ್ರೆ ಬರೆಯುತ್ತೇನೆ. ಒತ್ತಡ ಇಳಿಯುವವರೆಗೆ ಮೆಟ್ಟಿಲು ಹತ್ತುವುದು, ಭಾರ ಎತ್ತುವುದು, ಸೈಕಲ್ ತುಳಿಯುವುದು ಯಾವುದೂ ಕೂಡದು. ಆಮೇಲೆ ಸ್ವಲ್ಪ ಸ್ವಲ್ಪವೇ ನಡಿಗೆ ಶುರು ಮಾಡುವ.”

ವಿಠಲ ಮಾಸ್ಟ್ರಿಗೆ ಗೆದ್ದ ಹಾಗಾಯಿತು. ಮರ್ಯಾದೆ ಉಳಿಯಿತು, ಹೆಡ್ಮಾಸ್ಟ್ರು ಬೆನ್ನು ತಟ್ಟುತ್ತಿದ್ದರು. ಆದರೆ ಆ ಸಂತೋಷ ಕ್ಷಣಕಾಲವೂ ನಿಲ್ಲಲಿಲ್ಲ. ಆ ಎಪ್ಪತ್ತರ ನಾಳ ತನ್ನದು. ಅಣ್ಣ ಬಿದ್ದ ಅಂಗಳ ಕಣ್ಣೆದುರು ಬಂತು. ಮಾತ್ರೆ ಇನ್ನೊಬ್ಬನಿಗೆ ಹೋಗುತ್ತಿತ್ತು. ಕಾಯಿಲೆ ಮಾತ್ರ ತನ್ನ ಬಳಿಯೇ ಉಳಿಯುತ್ತಿತ್ತು. ಅಲ್ಲದೆ, ಆನೆಯಂತೆ ಗಟ್ಟಿ ಇರುವ ಸುಂದರನನ್ನು ರೋಗಿ ಮಾಡಿ ಕೂರಿಸುವುದು ಎಂಥ ನ್ಯಾಯ?

“ತಪ್ಪು!” ಎಂದು ಅವರು ಮೇಜು ಗುದ್ದಿದರು. “ಎಲ್ಲ ತಪ್ಪು! ಆ ಹದಿಮೂರು ನನ್ನದು! ನಾನು ಒಂದು ದಿವಸ ವ್ಯಾಯಾಮ ಮಾಡಿದವನಲ್ಲ! ಮೂವತ್ತೊಂದು ವರ್ಷ ಕುರ್ಚಿಯಲ್ಲಿ ಕೂತು ವಿಸಿಲು ಊದಿದ್ದೇನೆ! ಶಾಲೆಗೆ ಇವನ ಸೈಕಲ್ಲಿನ ಹಿಂದೆ ಕೂತು ಬಂದಿದ್ದೇನೆ! ತುಳಿದದ್ದೆಲ್ಲ ಇವನು! ಇವನ ನಾಳ ಮೆತ್ತಗಿರದೆ ಇನ್ನೆಂತ?”

ಮೂವತ್ತೊಂದು ವರ್ಷ ಯಾರಿಗೂ ಹೇಳದ ಮಾತು ಒಂದೇ ಉಸಿರಿನಲ್ಲಿ ಹೊರಬಿತ್ತು. ಮಾಸ್ಟ್ರ ಎದೆ ಹಗುರಾಯಿತು. ಅವರು ಸುತ್ತ ನೋಡಿದರು.

ಯಜ್ಞನಾರಾಯಣ ರಾಯರ ಕಣ್ಣಲ್ಲಿ ನೀರು. “ಡಾಕ್ಟರೇ, ನೋಡಿ. ಎಂಥ ಮನುಷ್ಯ! ಬಡ ಜವಾನನ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಅವನ ಕಾಯಿಲೆಯನ್ನು ತನ್ನ ತಲೆಗೆ ಎಳೆದುಕೊಳ್ತಾ ಇದ್ದಾರೆ. ಇವತ್ತು ಬೆಳಿಗ್ಗೆ ಕೂಡ ಇವರು ಮೈದಾನದಲ್ಲಿ ಓಡಿದ್ದನ್ನು ಇಡೀ ಶಾಲೆ ನೋಡಿದೆ.”

“ಸರ್, ಅದು ಬೇರೆ!”

“ನಾನೂರು ಮಕ್ಕಳು ಸಾಕ್ಷಿ ಇದ್ದಾರೆ, ಸುಮ್ಮನಿರಿ.”

“ನಿಮಗೆ ನಾನು ಸುಳ್ಳು ಹೇಳುವವನ ಹಾಗೆ ಕಾಣ್ತೇನಾ?” ಮಾಸ್ಟ್ರ ಕೂಗಿಗೆ ಹೊರಗಿನ ಗುಮಾಸ್ತರ ಪತ್ರಿಕೆ ಕೆಳಗೆ ಬಿತ್ತು. “ಸುಂದರನನ್ನೇ ಕೇಳಿ! ದಿನಾ ನನ್ನನ್ನು ಹೊತ್ತು ತಂದವನು ಅವನು! ಹೇಳು ಸುಂದರ, ಧೈರ್ಯದಲ್ಲಿ ಹೇಳು!”

ಡಾ. ಸುಭಾಷಿಣಿಗೆ ಅದು ನ್ಯಾಯವೆನಿಸಿತು. “ಹೌದಾ ಸುಂದರ? ನಿಜ ಹೇಳಿ. ನೀವು ಮಾಸ್ಟ್ರನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರುವುದಾ?”

ಸುಂದರ ಒಮ್ಮೆ ಮಾಸ್ಟ್ರ ಮುಖ ನೋಡಿದ. ಒಮ್ಮೆ ಡಾಕ್ಟರ ಕೈಯಲ್ಲಿದ್ದ ರಜೆಯ ಚೀಟಿ ನೋಡಿದ. ಮೂವತ್ತೊಂದು ವರ್ಷದಲ್ಲಿ ಅವನು ಜ್ವರಕ್ಕೆ ಕೂಡ ನಾಲ್ಕು ದಿನಕ್ಕಿಂತ ಹೆಚ್ಚು ರಜೆ ಕಂಡವನಲ್ಲ. ಅವನು ತಲೆ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು, ಒಮ್ಮೆ ಮೆಲ್ಲಗೆ ಕೆಮ್ಮಿದ.

“ಇಲ್ಲ ಡಾಕ್ಟ್ರೆ. ಮಾಸ್ಟ್ರದ್ದು ದೊಡ್ಡ ಮನಸ್ಸು. ಸೈಕಲ್ ಉಂಟು ಹೌದು, ಆದ್ರೆ ನನ್ನಿಂದ ತುಳಿಯಲಿಕ್ಕೆ ಎಲ್ಲಿ ಆಗ್ತದೆ? ಅವರು ಪಕ್ಕದಲ್ಲಿ ಓಡಿಕೊಂಡೇ ಬರುವುದು. ಪಾಂಗಾಳದ ಹೊಳೆಯ ಸಂಕದಲ್ಲಿ ನನಗೆ ಏದುಸಿರು ಬಂದ್ರೆ ಸೈಕಲ್ಲು ತಳ್ಳುವುದೂ ಅವರೇ.”

ಆಯುಷ್ಯದಲ್ಲಿ ಮೊದಲ ಬಾರಿ ವಿಠಲ ಮಾಸ್ಟ್ರ ಸಿಟ್ಟಿಗೆ ದಾರಿ ಸಿಗಲಿಲ್ಲ.

ಡಾಕ್ಟರು ನಕ್ಕು ಚೀಟಿಯನ್ನು ಸುಂದರನಿಗೆ ಕೊಟ್ಟು, ಕಾರ್ಡುಗಳನ್ನು ಫೈಲಿಗೆ ಸೇರಿಸಿದರು. ಹೆಡ್ಮಾಸ್ಟ್ರು ಏನೋ ಯೋಚಿಸುತ್ತ ನಶ್ಯ ಏರಿಸಿದರು. “ಆದ್ರೆ ಒಂದು ಸಮಸ್ಯೆ ಉಂಟು. ಸುಂದರ ಮೂರು ತಿಂಗಳು ಇಲ್ಲ ಅಂದ್ರೆ ಬೆಲ್ ಹೊಡೆಯುವುದು ಯಾರು? ಮಾಳಿಗೆಯ ಕ್ಲಾಸಿಗೆ ನೀರಿನ ಕೊಡ ಹೊರುವುದು ಯಾರು? ದಿನಾ ಪೋಸ್ಟ್ ಆಫೀಸಿಗೆ ಹೋಗಿ ಬರುವುದು ಯಾರು? ಹೊಸಬರನ್ನು ಕೊಡಿ ಅಂದ್ರೆ ಶಾಲೆಯ ಮ್ಯಾನೇಜರು ಕೊಡುವವರಲ್ಲ.” ಅವರ ಕಣ್ಣು ನಿಧಾನವಾಗಿ ಮಾಸ್ಟ್ರ ಮೇಲೆ ಬಂದು ನಿಂತಿತು. “ದೇವರ ದಯೆ. ಶಾಲೆಯಲ್ಲಿ ಮೂವತ್ತೈದರ ನಾಳ ಇರುವವರು ನೀವೊಬ್ಬರಾದರೂ ಇದ್ದೀರಿ.”

ಹೆಡ್ಮಾಸ್ಟ್ರು ಡಾಕ್ಟರಿಗೆ ಧನ್ಯವಾದ ಹೇಳುತ್ತ ಒಳಗೆ ಉಳಿದರು. ಮಾಸ್ಟ್ರು ಸುಂದರನ ರಟ್ಟೆ ಹಿಡಿದು ಅವನನ್ನು ಗೇಟಿನ ಹೊರಗೆ ಎಳೆದುಕೊಂಡು ಬಂದರು.

“ದ್ರೋಹಿ! ನನ್ನ ಎದುರೇ ಇಷ್ಟು ಸುಳ್ಳು! ಎಂತಕ್ಕೆ ಹಾಗೆ ಹೇಳಿದಿ?”

“ಮೆಲ್ಲಗೆ ಮಾಸ್ಟ್ರೆ. ನನ್ನನ್ನು ಎಳೆಯಬಾರದಂತೆ.” ಸುಂದರ ಮೋರಿಯ ಕಟ್ಟೆಯ ಮೇಲೆ ಸಾವಕಾಶವಾಗಿ ಕೂತ. “ಮೂವತ್ತೊಂದು ವರ್ಷ ನೀವು ಜೋರು ತುಳಿ ಅಂದ್ರಿ, ತುಳಿದೆ. ಒಂದು ದಿವಸ ಆದ್ರೂ ಇಳಿದು ನಡೀತೇನೆ ಅಂದ್ರಾ? ಇವತ್ತು ಅಷ್ಟು ಓದಿದ ಡಾಕ್ಟ್ರು ಕೂತ್ಕೋ ಅಂತಾರೆ. ಅವರ ಮಾತು ಮೀರಲಿಕ್ಕೆ ನಾನು ಯಾರು?”

ಮಾಸ್ಟ್ರು ಕೈ ಎತ್ತಿದರು. ಎತ್ತಿದ ಕೈ ಬಲಗೈ ಎಂದು ಕಂಡು, ಮೆಲ್ಲಗೆ ಇಳಿಸಿದರು. ಕಟ್ಟೆಯ ಮೇಲೆ ಅವನ ಪಕ್ಕ ಕುಸಿದು ಕೂತರು. ಸ್ವರ ಅವರದ್ದೇ ಎಂದು ಗುರುತು ಸಿಗದಷ್ಟು ಸಣ್ಣದಾಗಿತ್ತು.

“ನಾನು ಅಣ್ಣನ ಹಾಗೆ ಬಿದ್ದರೆ, ಸುಂದರ?”

ಸುಂದರ ಅವರ ಮುಖವನ್ನು ನೋಡಿದ. ತಮಾಷೆಯೆಲ್ಲ ಅವನ ಕಣ್ಣಿನಿಂದ ಇಳಿದು ಹೋಯಿತು. ಅಂಗಿಯ ಕಿಸೆಗೆ ಕೈ ಹಾಕಿ, ಝೀಟಾ ಕಟ್ಟಿಕೊಟ್ಟಿದ್ದ ಮಾತ್ರೆಯ ಪೊಟ್ಟಣ ತೆಗೆದು ಮಾಸ್ಟ್ರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ.

“ಬೀಳುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟ ಆದ ಮೇಲೆ. ಮುಗಿದ ಹಾಗೆ ನಾನು ಬಂದು ತಂದುಕೊಡ್ತೇನೆ. ಉಪ್ಪು ಕಡಿಮೆ ಮಾಡ್ಲಿಕ್ಕೆ ಕುಶಲಕ್ಕನಿಗೆ ನಾನೇ ಹೇಳ್ತೇನೆ. ಶಾಲೆಗೆ ನಡೆದುಕೊಂಡು ಹೋಗಿ, ಆದರೆ ಮೆಲ್ಲಗೆ. ಕೊಡ ಒಂದೇ ಸಲ ತುಂಬಿಸಬೇಡಿ, ಅರ್ಧರ್ಧ ಹೊರಿ.”

ಮಾಸ್ಟ್ರು ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಹಾಗಾದ್ರೆ ಒಳಗೆ ಬಾ ಮಾರಾಯ. ಇದನ್ನೇ ಡಾಕ್ಟ್ರ ಹತ್ರ ಹೇಳು. ಆ ರಜೆಯೂ ನನ್ನದೇ ಅಲ್ವಾ?”

ಸುಂದರ ರಜೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಕಿಸೆಯ ತಳಕ್ಕೆ ಇಳಿಸಿ, ಗುಬ್ಬಿ ಹಾಕಿಕೊಂಡ.

“ಕಾಯಿಲೆ ನಿಮ್ಮದು ಮಾಸ್ಟ್ರೆ, ಮಾತ್ರೆಯೂ ನಿಮ್ಮದೇ,” ಎಂದ. “ರಜೆ ಮಾತ್ರ ನನ್ನದು.”